ಗಣಿತ ಪುಸ್ತಕದ ಕೊನೆಯ ಹಾಳೆ



ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಇವತ್ತು ಅವರ ಗಣಿತದ ನೋಟ್ ಪುಸ್ತಕ ತೆಗೆದು ಕೊನೆಯ ಹಾಳೆಯನ್ನೊಮ್ಮೆ ನೋಡಿ. ಮೊದಲ ಹಾಳೆಯಲ್ಲಿ ಹೆಸರು, ತರಗತಿ ಇರುತ್ತದೆ. ನಡುವೆ ಟೀಚರ್ ಕೊಟ್ಟ ಲೆಕ್ಕಗಳಿರುತ್ತವೆ. ಕೊನೆಯ ಹಾಳೆಯಲ್ಲಿ ಮಾತ್ರ ಯಾರೂ ಹೇಳದೆ ಮಗು ತಾನಾಗಿ ಮಾಡಿದ್ದು ಇರುತ್ತದೆ. ಒಂದು ಹೂವು, ಒಂದು ಗಿಳಿ, ಎರಡು ಗುಡ್ಡಗಳ ನಡುವೆ ಸೂರ್ಯ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಹಾಳೆಯನ್ನು ನಾನು ಹರಿದು ಹಾಕಿದೆ. ಮಗಳು ಆಗ ಆರನೇ ತರಗತಿಯಲ್ಲಿದ್ದಳು. ಗಣಿತದ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು. ಸಿಟ್ಟಿನಿಂದ ಪುಸ್ತಕ ತೆರೆದರೆ ಕೊನೆಯಲ್ಲಿ ಒಂದು ಮಿಂಚುಳ್ಳಿ ಕೂತಿತ್ತು. ನಮ್ಮ ಬಾವಿಕಟ್ಟೆಯ ಮೇಲೆ ದಿನಾ ಬಂದು ಕೂರುವ ಅದೇ ಹಕ್ಕಿ. ಉದ್ದ ಕೆಂಪು ಕೊಕ್ಕು, ಕಂದು ತಲೆ, ನೀಲಿ ಬೆನ್ನು, ಬಿಳಿ ಎದೆ. "ಓದು ಬಿಟ್ಟು ಇದೆಲ್ಲ ಯಾಕೆ? ಜೀವ ಇರುವುದನ್ನು ಬರೆಯಬಾರದು ಅಂತ ಗೊತ್ತಿಲ್ವಾ?" ಎಂದು ಗದರಿಸಿ ಹಾಳೆ ಹರಿದೆ. ಅವಳು ಅಳಲಿಲ್ಲ. ಚೂರುಗಳನ್ನು ಹೆಕ್ಕಿ ಕಸದ ಬುಟ್ಟಿಗೆ ಹಾಕಿ ಒಳಗೆ ಹೋದಳು. ಆಮೇಲೆ ತಿಂಗಳುಗಟ್ಟಲೆ ಅವಳು ಏನನ್ನೂ ಬರೆಯಲಿಲ್ಲ. ಗಣಿತದ ಅಂಕವೇನೂ ಹೆಚ್ಚಲಿಲ್ಲ.

ಅವಳು ಬಾವಿಕಟ್ಟೆಯ ಕಡೆ ನೋಡುವುದನ್ನೂ ಬಿಟ್ಟದ್ದು ನನ್ನ ಗಮನಕ್ಕೆ ಬಂದಾಗ ಮನಸ್ಸು ಚುಚ್ಚತೊಡಗಿತು. ಒಂದು ಸಂಜೆ ಅಂಗಳದಿಂದ ಒಂದು ದಾಸವಾಳ ಕಿತ್ತು ತಂದು ಅವಳ ಪಕ್ಕ ಕೂತೆ. "ನಾನೂ ಬರೆಯುತ್ತೇನೆ ನೋಡು" ಎಂದು ಹೂವನ್ನು ಬದಿಗಿಟ್ಟು, ಅದನ್ನು ನೋಡದೆಯೇ ಬರೆಯತೊಡಗಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೊನೆಗೆ ನಕ್ಕುಬಿಟ್ಟಳು. "ಉಮ್ಮಾ, ದಾಸವಾಳಕ್ಕೆ ಐದೇ ಎಸಳು. ನೀವು ಆರು ಬರೆದಿದ್ದೀರಿ."

ಮೂವತ್ತು ವರ್ಷ ಈ ಹೂವನ್ನು ತಲೆಗೆ ಹಚ್ಚುವ ಎಣ್ಣೆಗೆ ಹಾಕಿದ್ದೇನೆ. ಎಸಳು ಎಷ್ಟು ಎಂದು ಒಮ್ಮೆಯೂ ಎಣಿಸಿರಲಿಲ್ಲ.

ನಾವು ಇಂಥ ಹಾಳೆಗಳನ್ನು ಹರಿಯುವುದು ಎರಡು ಕಾರಣಕ್ಕೆ. ಒಂದು, ಇದು ಸಮಯ ಹಾಳು ಮಾಡುವ ಕೆಲಸ ಎಂಬ ಎಣಿಕೆ. ಇನ್ನೊಂದು, ಧರ್ಮದ ಭಯ. ಮೊದಲು ಎರಡನೆಯದನ್ನು ನೋಡೋಣ. ಏಕೆಂದರೆ ಅದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ.

ಚಿತ್ರ ಮಾಡುವವರ ಕುರಿತು ಕಠಿಣ ಎಚ್ಚರಿಕೆಯ ಹದೀಸ್‌ಗಳಿರುವುದು ನಿಜ. ಬುಖಾರಿಯಲ್ಲಿ ಒಂದು ವರದಿಯಿದೆ. ಚಿತ್ರಗಳನ್ನು ಮಾಡಿ ಜೀವನ ಸಾಗಿಸುತ್ತಿದ್ದ ಒಬ್ಬರು ಹಝ್ರತ್ ಇಬ್ನು ಅಬ್ಬಾಸ್(ರ)ರ ಬಳಿ ಬಂದು ತಮ್ಮ ಸ್ಥಿತಿ ಹೇಳಿಕೊಂಡರು. ಅವರು ಪ್ರವಾದಿ(ಸ)ಯವರಿಂದ ಕೇಳಿದ ಎಚ್ಚರಿಕೆಯನ್ನು ತಿಳಿಸಿದಾಗ ಬಂದವರ ಮುಖ ಬಿಳಿಚಿಕೊಂಡಿತು. ಆಗ ಇಬ್ನು ಅಬ್ಬಾಸ್(ರ) ಅವರನ್ನು ಹಾಗೆಯೇ ಕಳುಹಿಸಲಿಲ್ಲ. ಮಾಡಲೇಬೇಕೆಂದಿದ್ದರೆ ಮರಗಳನ್ನೂ ಆತ್ಮವಿಲ್ಲದ ವಸ್ತುಗಳನ್ನೂ ಮಾಡು ಎಂದು ದಾರಿ ತೋರಿಸಿದರು. ಇಲ್ಲ ಎನ್ನುವಾಗಲೂ ಇನ್ನೊಂದು ಬಾಗಿಲು ತೆರೆದು ಕೊಟ್ಟರು. ನಾನು ಹಾಳೆ ಹರಿದಾಗ ಮಾಡದೇ ಉಳಿದದ್ದು ಇದನ್ನೇ.

ಇನ್ನೊಂದು ಘಟನೆ ಅಬೂದಾವೂದ್‌ನಲ್ಲಿದೆ. ಹಝ್ರತ್ ಆಇಶಾ(ರ)ರ ಆಟಿಕೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯನ್ನು ಪ್ರವಾದಿ(ಸ) ಕಂಡರು. ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ನೀವು ಕೇಳಿಲ್ಲವೇ ಎಂದು ಆಇಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ) ಮನಸಾರೆ ನಕ್ಕರು.

ಜೀವಿಗಳ ಚಿತ್ರ ಕೂಡದು ಎಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಪೂಜೆಗಾಗಲೀ ವೈಭವೀಕರಣಕ್ಕಾಗಲೀ ಅಲ್ಲದೆ, ಕಲಿಕೆಯ ಅಗತ್ಯಕ್ಕೆ ಹಾಳೆಯ ಮೇಲೆ ಬರೆಯುವ ಚಿತ್ರಗಳಿಗೆ ಅವಕಾಶವಿದೆ ಎನ್ನುವವರೂ ಇದ್ದಾರೆ. ಇದರಲ್ಲಿ ತೀರ್ಪು ಹೇಳಲು ನಾನು ಆಲಿಮಳಲ್ಲ. ನೀವು ನಂಬುವ ವಿದ್ವಾಂಸರನ್ನು ಕೇಳಿ ತಿಳಿದುಕೊಳ್ಳಿ. ಆದರೆ ಹೂವು, ಎಲೆ, ಮರ, ಬೆಟ್ಟ, ಹಣ್ಣುಗಳನ್ನು ಬರೆಯುವುದಕ್ಕೆ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ನೋಡುವುದಕ್ಕಂತೂ ಅಡ್ಡಿಯೇ ಇಲ್ಲ. ಒಂಟೆಯನ್ನು ಹೇಗೆ ಸೃಷ್ಟಿಸಲಾಗಿದೆ, ತಲೆಯ ಮೇಲೆ ಹಕ್ಕಿಗಳು ಹೇಗೆ ರೆಕ್ಕೆ ಬಿಚ್ಚಿ ಮಡಚುತ್ತವೆ, ಗಿಡದಲ್ಲಿ ಕಾಯಿ ಹೇಗೆ ಹಣ್ಣಾಗುತ್ತದೆ ಎಂಬುದನ್ನು ಗಮನಿಸಲು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ನಾವೋ ಪಾರಾಯಣ ಮಾಡಿ ಮುಸ್‌ಹಫ್ ಮುಚ್ಚಿಡುತ್ತೇವೆ, ಕಿಟಕಿಯಾಚೆ ನೋಡುವುದಿಲ್ಲ.

ಈಗ ಮೊದಲ ಕಾರಣಕ್ಕೆ ಬರೋಣ. ಇದು ಸಮಯ ಹಾಳೇ?

ಮೊಗಲ್ ಅರಸ ಜಹಾಂಗೀರನ (ಆಳ್ವಿಕೆ 1605-1627) ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಎಂಬ ಚಿತ್ರಕಾರರಿದ್ದರು. ಅರಸರು ಮಾಡಿದ್ದೆಲ್ಲ ದೀನಿನಲ್ಲಿ ಪುರಾವೆಯಾಗುವುದಿಲ್ಲ. ಆದರೂ ಮನ್ಸೂರರ ಶ್ರದ್ಧೆಯಿಂದ ಕಲಿಯುವುದು ಬಹಳವಿದೆ. 1620ರಲ್ಲಿ ಅರಸನ ಜೊತೆ ಕಾಶ್ಮೀರಕ್ಕೆ ಹೋದಾಗ ಅವರು ಅಲ್ಲಿನ ನೂರಕ್ಕೂ ಹೆಚ್ಚು ಹೂವುಗಳನ್ನು ಬರೆದರೆಂದು ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಕೆಂಪು ಟ್ಯುಲಿಪ್ ಹೂವಿನ ಚಿತ್ರ ಆಲಿಘಡ ಮುಸ್ಲಿಂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಸೈಬೀರಿಯಾದಿಂದ ಚಳಿಗಾಲ ಕಳೆಯಲು ಭಾರತಕ್ಕೆ ಬರುತ್ತಿದ್ದ ಬಿಳಿ ಕ್ರೇನ್ ಹಕ್ಕಿಯನ್ನೂ ಮನ್ಸೂರ್ ಬರೆದರು. ಯುರೋಪಿನ ವಿಜ್ಞಾನ 1773ರಲ್ಲಿ ಅದಕ್ಕೊಂದು ಹೆಸರಿಟ್ಟು ದಾಖಲಿಸುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲಿನ ಮಾತಿದು. ರಾಜಸ್ಥಾನದ ಭರತಪುರದಲ್ಲಿ ಆ ಹಕ್ಕಿ ಕೊನೆಯ ಬಾರಿ ಕಂಡದ್ದು 2002ರಲ್ಲಿ. ಆಮೇಲೆ ಅದು ಅಲ್ಲಿಗೆ ಬರಲಿಲ್ಲ. ಚಿತ್ರ ಮಾತ್ರ ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿ ಉಳಿದಿದೆ.

ಮನ್ಸೂರರ ಬಳಿಕ ಒಂದೂವರೆ ಶತಮಾನ ಕಳೆದು, 1777ರಿಂದ 1782ರವರೆಗೆ ಕೋಲ್ಕತ್ತಾದಲ್ಲಿ ಇಂಥದೇ ಇನ್ನೊಂದು ಕೆಲಸ ನಡೆಯಿತು. ಅದನ್ನು ಮಾಡಿಸಿದ್ದು ಒಬ್ಬ ಗೃಹಿಣಿ. ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರ ಪತ್ನಿ ಮೇರಿ ಇಂಪಿ. ಮನೆಯ ತೋಟದಲ್ಲಿ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಸಾಕಿ, ಅವನ್ನು ಬರೆಯಲು ಪಟ್ನಾದ ಶೇಖ್ ಝೈನುದ್ದೀನ್, ಭವಾನಿ ದಾಸ್ ಮತ್ತು ರಾಮ್ ದಾಸ್‌ರನ್ನು ನೇಮಿಸಿಕೊಂಡರು. ಮುನ್ನೂರಕ್ಕೂ ಹೆಚ್ಚು ಚಿತ್ರಗಳಾದವು. ಝೈನುದ್ದೀನರ ಹಕ್ಕಿ ಕೂತ ಕೊಂಬೆಯ ಎಲೆಯಲ್ಲಿ ಹುಳ ತಿಂದ ತೂತು ಕೂಡ ಕಾಣಿಸುತ್ತದೆ.

ಇನ್ನು ನಮಗೆ ಹತ್ತಿರದ ಕಾಲದವರು ಸಲೀಂ ಅಲಿ (1896-1987). ಅವರು ಚಿತ್ರಕಾರರಲ್ಲ, ಹಕ್ಕಿಗಳನ್ನು ನೋಡಿ ಬರೆದಿಟ್ಟವರು. ಮುಂಬೈಯ ಮುಸ್ಲಿಂ ಕುಟುಂಬದ ಈ ಹುಡುಗ ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಮನೆಯಲ್ಲಿ ಬೆಳೆದ. ಒಂದು ದಿನ ಆಟದ ಕೋವಿಯಿಂದ ಗುಬ್ಬಚ್ಚಿಯೊಂದನ್ನು ಹೊಡೆದ. ಅದರ ಗಂಟಲಲ್ಲಿ ಹಳದಿ ಗುರುತು ಕಂಡು, ಇದೇನು ಎಂದು ಮಾವನ ಬಳಿಗೆ ಒಯ್ದ. ಮಾವ ಗದರಿಸಿ ಕಳಿಸಲಿಲ್ಲ. ಗೊತ್ತಿದ್ದಂತೆ ನಟಿಸಲೂ ಇಲ್ಲ. ತಿಳಿದವರು ಹೇಳಲಿ ಎಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿಕೊಟ್ಟರು. ಅಲ್ಲಿ ಕಪಾಟುಗಳನ್ನು ತೆರೆದು ನೂರಾರು ಹಕ್ಕಿಗಳನ್ನು ತೋರಿಸಿದರು. ಮುಂದೆ ಇಡೀ ದೇಶ ಹಕ್ಕಿಗಳ ಬಗ್ಗೆ ಕೇಳುತ್ತಿದ್ದುದು ಆ ಹುಡುಗನನ್ನೇ. ಹಿರಿಯರೊಬ್ಬರು ಮಗುವಿನ ಪ್ರಶ್ನೆಯನ್ನು ಹರಿದು ಹಾಕದಿದ್ದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

"ನಮಗೆ ಚಿತ್ರ ಬರೆಯಲು ಬರುವುದಿಲ್ಲ" ಎಂದು ಕೆಲವರು ಹೇಳಬಹುದು. ಈದ್‌ನ ಹಿಂದಿನ ರಾತ್ರಿ ಕೈಯಲ್ಲಿ ಮೆಹೆಂದಿ ಕೋನ್ ಹಿಡಿದು ಬಳ್ಳಿ, ಮೊಗ್ಗು, ಎಲೆ ಎಳೆಯುವವರು ಯಾರು? ದಿಂಬಿನ ಕವರಿಗೆ ಗುಲಾಬಿ ಕಸೂತಿ ಹಾಕಿದವರು ಯಾರು? ಕೈ ನಮಗೆ ಪಳಗಿದೆ. ಪಳಗಬೇಕಾದದ್ದು ಕಣ್ಣು.

ಹಾಗಾಗಿ ದಾಸವಾಳದಿಂದಲೇ ಆರಂಭಿಸಿ. ಬಿಳಿ ಹಾಳೆ, ಒಂದು ಎಚ್‌ಬಿ ಪೆನ್ಸಿಲ್, ಒಂದು ರಬ್ಬರ್ ಸಾಕು. ಬೆಳಗ್ಗೆ ಅರಳಿದ ಹೂವನ್ನು ಲೋಟದಲ್ಲಿ ಇಟ್ಟುಕೊಳ್ಳಿ. ಐದು ನಿಮಿಷ ಪೆನ್ಸಿಲ್ ಮುಟ್ಟದೆ ನೋಡಿ. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆ ಬದಿಯ ಎಸಳಿನ ಕೆಳಗೆ ಸೇರಿರುತ್ತದೆ, ಮಕ್ಕಳು ಆಡುವ ಕಾಗದದ ಗಿರಗಿಟ್ಲೆಯ ಹಾಗೆ. ನಡುವಿನ ದಂಡಿನಲ್ಲಿ ಹಳದಿ ಪರಾಗದ ಎಳೆಗಳು, ತುದಿಯಲ್ಲಿ ಐದು ಸಣ್ಣ ಗುಂಡುಗಳು. ಅಲ್ಲೂ ಐದು! ಮೊದಲು ಹೂವಿನ ಒಟ್ಟು ಅಗಲಕ್ಕೆ ತೆಳುವಾಗಿ ಒಂದು ವೃತ್ತ ಎಳೆಯಿರಿ. ದಂಡು ಯಾವ ಕಡೆ ಬಾಗಿದೆ ನೋಡಿ ಒಂದು ಗೆರೆ ಹಾಕಿ. ಆಮೇಲೆ ಎಸಳುಗಳು. ನರಗಳನ್ನು ಕೊನೆಗೆ, ಬುಡದಿಂದ ಅಂಚಿನ ಕಡೆಗೆ, ಹಗುರವಾಗಿ ಎಳೆಯಿರಿ. ತಪ್ಪಾದ ಗೆರೆಯನ್ನು ಕೂಡಲೇ ಅಳಿಸಬೇಡಿ. ಅದರ ಪಕ್ಕದಲ್ಲೇ ಸರಿಯಾದದ್ದನ್ನು ಎಳೆದು, ಬಳಿಕ ಅಳಿಸಿ.

ಹೂವು ಕೈಗೆ ಬಂದ ಮೇಲೆ ಗರಿ. ಅಂಗಳದಲ್ಲಿ ಬಿದ್ದ ಕಾಗೆಯ ಗರಿಯೇ ಆಗಬಹುದು. ರೆಕ್ಕೆಯ ಗರಿಯಾದರೆ ನಡುವಿನ ದಂಟು ಸರಿಯಾಗಿ ನಡುವೆ ಇರುವುದಿಲ್ಲ. ಗಾಳಿ ಸೀಳುವ ಬದಿ ಕಿರಿದು, ಇನ್ನೊಂದು ಬದಿ ಅಗಲ. ಬಿದ್ದ ಗೀಜಗನ ಗೂಡು ಸಿಕ್ಕಿದರೆ ಅದನ್ನೂ ಬರೆಯಬಹುದು. ಗೂಡಿಗಾಗಲೀ ಗರಿಗಾಗಲೀ ಜೀವವಿಲ್ಲ, ಆದರೆ ಅವು ಹಕ್ಕಿಯ ಬಗ್ಗೆ ಬಹಳಷ್ಟನ್ನು ಕಲಿಸುತ್ತವೆ.

ಹಕ್ಕಿಯನ್ನೇ ಬರೆಯಲು ನಿಮ್ಮ ಮನೆಯಲ್ಲಿ ಅಡ್ಡಿಯಿಲ್ಲವಾದರೆ, ಮೈಗೊಂದು ಮೊಟ್ಟೆಯಾಕಾರ, ತಲೆಗೊಂದು ವೃತ್ತ ಹಾಕಿ ಆರಂಭಿಸಿ. ಕೂತ ಹಕ್ಕಿಯ ಮೈ ನೆಟ್ಟಗಿದೆಯೋ ಓರೆಯಾಗಿದೆಯೋ ಎಂಬುದನ್ನು ಮೊದಲು ಗುರುತಿಸಿ. ಹಕ್ಕಿಯ ಕಾಲು ಹಿಂದಕ್ಕೆ ಮಡಚುವ ಜಾಗ ಮೊಣಕಾಲಲ್ಲ, ಅದು ಹಿಮ್ಮಡಿಯ ಗಂಟು. ಮೊಣಕಾಲು ಗರಿಗಳೊಳಗೆ ಅಡಗಿರುತ್ತದೆ. ಕಾಗೆಗೆ ಮುಂದೆ ಮೂರು, ಹಿಂದೆ ಒಂದು ಬೆರಳು. ಗಿಳಿಗೆ ಮುಂದೆ ಎರಡು, ಹಿಂದೆ ಎರಡು. ಬರೆಯದವರೂ ಇದನ್ನು ಮಕ್ಕಳ ಜೊತೆ ನಿಂತು ನೋಡಬಹುದು.

ನಮ್ಮ ಮನೆಯಲ್ಲಿ ಕೊನೆಗೆ ಏನಾಯಿತು ಎಂದು ನೀವು ಕೇಳಬಹುದು. ನಾವು ನಂಬುವ ಒಬ್ಬ ವಿದ್ವಾಂಸರನ್ನು ಕೇಳಿದೆವು. ಅವರು ಹೇಳಿದ್ದನ್ನು ಮಗಳಿಗೆ ಕಾರಣ ಸಹಿತ ತಿಳಿಸಿದೆವು. ಅವಳು ಒಪ್ಪಿಕೊಂಡು ಗಿಡ, ಹೂ, ಗರಿ, ಗೂಡುಗಳ ಕಡೆ ತಿರುಗಿದಳು. ಜೀವಿಗಳನ್ನು ಬರೆಯುವುದು ವಿಜ್ಞಾನದ ರೆಕಾರ್ಡ್ ಪುಸ್ತಕಕ್ಕೆ ಬೇಕಾದಷ್ಟೇ. ಇದಕ್ಕಿಂತ ಮುಖ್ಯವಾದ ಕೆಲಸವೊಂದು ನನ್ನದಿತ್ತು. ಹಾಳೆ ಹರಿದದ್ದಕ್ಕೆ ಅವಳಲ್ಲಿ ಕ್ಷಮೆ ಕೇಳಿದೆ. ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವ ಮೊದಲೇ ಕೈ ಮುಂದಾಗಿತ್ತು. ನಿಯಮ ಹೇಳುವುದು ಬೇರೆ, ಮನಸ್ಸು ಮುರಿಯುವುದು ಬೇರೆ. ಆ ದಿನ ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ.

ಅವಳೀಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಾಳೆ. ರಜೆಯಲ್ಲಿ ಬಂದರೆ ಬೆಳಗ್ಗೆ ಅಂಗಳದಲ್ಲಿ ಪುಸ್ತಕ ಹಿಡಿದು ಕೂರುತ್ತಾಳೆ. ಬಾವಿಕಟ್ಟೆಗೆ ಮಿಂಚುಳ್ಳಿ ಬಂದಾಗ "ಉಮ್ಮಾ, ಬಂತು" ಎಂದು ಮೆಲ್ಲಗೆ ಕರೆಯುತ್ತಾಳೆ. ನಾನು ಸೌಟು ಕೆಳಗಿಟ್ಟು ಹೊರಗೆ ಬರುತ್ತೇನೆ. ಇಬ್ಬರೂ ಮಾತಾಡದೆ ನೋಡುತ್ತೇವೆ. ಅದು ನೀರಿನ ಕಡೆ ಹಾರಿದಾಗ ರೆಕ್ಕೆಯಲ್ಲಿ ಬಿಳಿ ತೇಪೆಯೊಂದು ಹೊಳೆದು ಮಾಯವಾಗುತ್ತದೆ. ನನ್ನ ಬಾಯಿಂದ ತಾನಾಗಿಯೇ ಸುಬ್‌ಹಾನಲ್ಲಾಹ್ ಬರುತ್ತದೆ.

ಆ ಬಿಳಿ ತೇಪೆ ಹರಿದುಹೋದ ಚಿತ್ರದಲ್ಲಿತ್ತೇ? ಇದ್ದಿರಬೇಕು. ನಾನೇ ಸರಿಯಾಗಿ ನೋಡಿರಲಿಲ್ಲ. ಸಹೋದರಿಯರೇ, ನಿಮ್ಮ ಮಗುವಿನ ಪುಸ್ತಕದ ಕೊನೆಯ ಹಾಳೆ ಇವತ್ತು ನಿಮ್ಮ ಕೈಗೆ ಬಂದರೆ, ಏನನ್ನಾದರೂ ಹೇಳುವ ಮೊದಲು ಸ್ವಲ್ಪ ಹೊತ್ತು ನೋಡಿ.