ಓಟು ಹಾಕಿದ ಮೇಲೆ

ಮಕ್ಕಳೇ, ಪಾದ್ರಿಗಳು ಚರ್ಚು ಬಿಟ್ಟುಹೋಗಲು ಎಷ್ಟೋ ಸಲ ಸಭೆಯ ಹಿರಿಯರೇ ಕಾರಣರಾಗುವುದುಂಟು. ಅಮೆರಿಕದ ನಾರ್ತಾಂಪ್ಟನ್ನಿನಲ್ಲಿ ಜೋನಾಥನ್ ಎಡ್ವರ್ಡ್ಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾದ್ರಿಯಾಗಿದ್ದರು. ಸಂಬಳದ ತಕರಾರು ಮೊದಲೇ ಇತ್ತು. ರೊಟ್ಟಿ-ದ್ರಾಕ್ಷಾರಸದ ಪ್ರಭುಭೋಜನಕ್ಕೆ ಒಳ್ಳೆಯ ನಡತೆಯೊಂದೇ ಸಾಲದು, ಮನಸ್ಸಿನ ನಂಬಿಕೆಯನ್ನೂ ಹೇಳಿಕೊಳ್ಳಬೇಕೆಂದು ಅವರು ಪಟ್ಟುಹಿಡಿದಾಗ ಸಭೆ ತಿರುಗಿಬಿತ್ತು. 1750ರಲ್ಲಿ ಓಟು ಹಾಕಿ ಅವರನ್ನು ಕಳಿಸಿಬಿಟ್ಟಿತು. ಬೇರೆಯವರು ಸಿಗದೆ, ಕೆಲವು ತಿಂಗಳು ಅವರನ್ನೇ ಉಪದೇಶಕ್ಕೆ ಕರೆಯಿತು. ಅವರೂ ಹೋದರು! ವಿರೋಧಿಗಳ ಮುಂದಾಳಾಗಿದ್ದ ನೆಂಟ, ವಕೀಲ ಜೋಸೆಫ್ ಹಾಲೀ, ಆಗ ಆಡಿದ ಕಟುನುಡಿಗಳಿಗಾಗಿ 1760ರಲ್ಲಿ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ಎಡ್ವರ್ಡ್ಸ್ ತೀರಿಕೊಂಡು ಎರಡು ವರ್ಷವಾಗಿತ್ತು.

ನಾಳೆ ನಮ್ಮ ಸಂಘದ ಕಮಿಟಿ ನಡೆಸುವವರು ನೀವು. ನಿಯಮಕ್ಕಾಗಿ ವಾದಿಸಿ, ಬೇಕಾದರೆ ಓಟೂ ಹಾಕಿ. ಆದರೆ ಎದುರು ಕೂತವರ ಮನಸ್ಸು ಮುರಿಯುವ ಮಾತು ಬೇಡ. ಮರುದಿನವೂ ಮುಖ ನೋಡಬೇಕಲ್ಲ!