ಬಿಳಿ ಮೋಡವೂ ಹೂಮಳೆಯೂ

ಮಾರ್ಚ್ ತಿಂಗಳಿನಲ್ಲಿ ಮೂಡಿಗೆರೆಯ ಕಾಫಿ ಬೆಳೆಗಾರನ ದೃಷ್ಟಿ ನೆಲಕ್ಕಿಂತ ಹೆಚ್ಚಾಗಿ ಆಕಾಶದಲ್ಲಿಯೇ ನೆಟ್ಟಿರುತ್ತದೆ. ಒಣಹವೆಯಲ್ಲಿ ಬಿಗಿದು ನಿದ್ರಿಸುತ್ತಿರುವ ರೋಬಸ್ಟಾ ಮೊಗ್ಗುಗಳಿಗೆ ಒಂದು ಇಂಚಿನಷ್ಟು ಹೂಮಳೆ ದೊರೆತರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸುವುದು. ಮೂವತ್ತು ಸೆಂಟು ಮಾತ್ರ ಸುರಿದು ಮಳೆ ನಿಂತಿತೋ, ಮೊಗ್ಗು ಅರೆಬರೆ ಎಚ್ಚೆತ್ತು ಕೆಡುವುದು. (ಇಂಚಿನ ನೂರನೆಯ ಒಂದು ಭಾಗವೇ ಸೆಂಟು. ದೇಶವೆಲ್ಲ ಮಿಲಿಮೀಟರಿಗೆ ತಿರುಗಿದರೂ ತೋಟಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು-ಸೆಂಟುಗಳಲ್ಲಿಯೇ ನಡೆಯುತ್ತಿದೆ.) ಕೆರೆಯ ನೀರನ್ನೆತ್ತಿ ಸ್ಪ್ರಿಂಕ್ಲರ್ ಹಾರಿಸಬೇಕೆ, ಇಲ್ಲವೆ ಇನ್ನೆರಡು ದಿನ ಕಾಯಬೇಕೆ? ಈ ಪ್ರಶ್ನೆಗೆ ಉತ್ತರವನ್ನು ಈಗ ಅನೇಕರು ಫೋನಿನಲ್ಲಿ ಕಾಣುವ ಉಪಗ್ರಹ ಚಿತ್ರದಲ್ಲಿ ಹುಡುಕುತ್ತಾರೆ. ಬಾಬಾಬುಡನ್ ಗಿರಿಯ ಮೇಲೆ ಅಚ್ಚ ಬಿಳಿಯ ಮೋಡವೊಂದು ಹರಡಿರುತ್ತದೆ. ಮಳೆ ಮಾತ್ರ ಬರುವುದಿಲ್ಲ!

ಇಂತಹ ಚಿತ್ರಗಳನ್ನು ಒದಗಿಸುವವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಶ್ಚಲವಾಗಿ ನಿಂತಂತೆ ತೋರುವ ಇನ್ಸಾಟ್ ಉಪಗ್ರಹಗಳು. 2013ರಲ್ಲಿ ಇನ್ಸಾಟ್-3ಡಿ, 2016ರಲ್ಲಿ 3ಡಿಆರ್, 2024ರ ಫೆಬ್ರವರಿಯಲ್ಲಿ 3ಡಿಎಸ್ ಅಂತರಿಕ್ಷಕ್ಕೇರಿದವು. ಇವುಗಳ ಲಗಾಮು ದೂರದ ಊರಿನಲ್ಲೇನೂ ಇಲ್ಲ. ನೆರೆಯ ಹಾಸನದಲ್ಲಿ 1982ರಿಂದ ಇರುವ ಪ್ರಧಾನ ನಿಯಂತ್ರಣ ಕೇಂದ್ರದಲ್ಲಿದೆ.

ಹಗಲಿರುಳೂ ನೋಡಬೇಕಾದ ಉಪಗ್ರಹವು ಬೆಳಕನ್ನಷ್ಟೇ ನೆಚ್ಚಿ ಕೂಡುವಂತಿಲ್ಲ. ಮೋಡದ ನೆತ್ತಿಯಿಂದ ಹೊರಡುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅದು ಅಳೆಯುತ್ತದೆ. ನೆತ್ತಿ ತಣ್ಣಗಿದ್ದಷ್ಟೂ ಚಿತ್ರದಲ್ಲಿ ಬಿಳುಪು ಹೆಚ್ಚು. ಮಲೆನಾಡಿನ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಶೈತ್ಯವು ಸೊನ್ನೆಗಿಂತ ನಲವತ್ತು, ಅರವತ್ತು ಡಿಗ್ರಿಗಳಷ್ಟು ಕೆಳಗಿಳಿದಿರುವುದರಿಂದ, ಅಲ್ಲಿ ಹರಡಿದ ಹಿಮಕಣಗಳ ಸಿರಸ್ ಮೋಡ ಬಿಳಿಯಾಗಿ ಕಾಣುವುದು ಸಹಜ. ನೆಲದಿಂದ ನೋಡಿದವರಿಗೆ ಅದು ಬರಿಯ ಹಿಂಜಿದ ಅರಳೆ. ಷಟ್ಕೋನದ ಹಿಮಹರಳುಗಳು ಕಿರಣವನ್ನು ಬಾಗಿಸಿ ಸೂರ್ಯನ ಸುತ್ತ 22 ಡಿಗ್ರಿಯ ಪರಿವೇಷವನ್ನು ರಚಿಸಿದರೆ ಆಗ ಮಾತ್ರ ಜನ ತಲೆಯೆತ್ತಿ ನೋಡುತ್ತಾರೆ. ಎಷ್ಟೋ ವೇಳೆ ಅದು ಬೇರೆಲ್ಲಿಯೋ ಸುರಿದು ಮುಗಿದ ಗುಡುಗುಮಳೆಯ ತಲೆ, ಮೇಲಿನ ಗಾಳಿ ಎಳೆದು ತಂದು ಬಿಟ್ಟ ಅವಶೇಷ.

ಇಂಗ್ಲೆಂಡಿನಂತಹ ಮಧ್ಯ ಅಕ್ಷಾಂಶದ ನಾಡುಗಳ ಸ್ಥಿತಿ ಬೇರೆ. ಅಲ್ಲಿ ಸಿರಸ್ ಮೋಡ ಇನ್ನೂ ತಗ್ಗಿನಲ್ಲಿ ಹುಟ್ಟುತ್ತದೆ. ಅನೇಕ ಸಲ ಒಂದು ದಿನದೊಳಗೆ ಬರಲಿರುವ ಮಳೆಯ ಮುಂಗಾಮಿಯೂ ಅದೇ. ಅಲ್ಲಿಯ ಪುಸ್ತಕದ ಪಾಠವನ್ನು ಕಳಸದ ಆಕಾಶಕ್ಕೆ ಹಾಗೆಯೇ ಒಪ್ಪಿಸುವುದು ಅವಿವೇಕವಾದೀತು. ಈ ಎತ್ತರಗಳನ್ನು ಲೋಕದಾದ್ಯಂತ ಸೂಕ್ಷ್ಮವಾಗಿ ಅಳೆದುದು ಅಮೆರಿಕ ಮತ್ತು ಫ್ರಾನ್ಸ್ ಕೂಡಿ 2006ರಲ್ಲಿ ಹಾರಿಸಿದ ಕ್ಯಾಲಿಪ್ಸೊ ಉಪಗ್ರಹ. 2023ರವರೆಗೂ ಅದು ಲೇಸರ್ ಕಿರಣವನ್ನು ಕೆಳಕ್ಕೆ ಬಿಟ್ಟು, ಮರಳಿದ ಬೆಳಕಿನಿಂದ ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಹಿಮದ ಪದರಗಳನ್ನೂ ಗುರುತಿಸಿತು. ಲೇಸರ್ ಇಲ್ಲದ ಇನ್ಸಾಟ್‌ಗೆ ಬೇರೆ ಉಪಾಯವುಂಟು. 10.8 ಮತ್ತು 12 ಮೈಕ್ರಾನ್ ಅಲೆಯುದ್ದದ ಎರಡು ಕಿರಣಗಳಲ್ಲಿ ಎರಡನೆಯದನ್ನು ಹಿಮಕಣಗಳು ಹೆಚ್ಚಾಗಿ ಹೀರುತ್ತವೆ. ಎರಡರ ಅಂತರವನ್ನು ನೋಡಿ ಮೋಡ ಬರಿಯ ಪೊರೆಯೋ, ದಟ್ಟವಾದ ಮಳೆಮೋಡವೋ ಎಂದು ತರ್ಕಿಸಬಹುದು.

ಜುಲೈ ತಿಂಗಳಿಗೆ ಕಥೆ ತಿರುಗುಮುರುಗು. ಅರಬ್ಬೀ ಸಮುದ್ರದ ಗಾಳಿ ಕುದುರೆಮುಖದ ಗೋಡೆಗೆ ತಾಗಿ ಮೇಲೇರುವಾಗ ಹುಟ್ಟುವ ಮೋಡಗಳಲ್ಲಿ ಬಹಳಷ್ಟು ಕುಳ್ಳು; ಅವುಗಳ ನೆತ್ತಿ ಹಿಮದ ಮಟ್ಟವನ್ನು ಮುಟ್ಟುವುದೇ ಇಲ್ಲ. ಕಳಸದಲ್ಲಿ ಹಗಲಿರುಳೂ ಜಡಿಮಳೆ; ಉಪಗ್ರಹ ಚಿತ್ರದಲ್ಲಿ ಬರಿಯ ಬೂದುಬಣ್ಣ. ಶೈತ್ಯವನ್ನೇ ನಂಬಿದ ಲೆಕ್ಕವು ಪಶ್ಚಿಮಘಟ್ಟದ ಮಳೆಯನ್ನು ಕಡಿಮೆಯೆಂದು ಎಣಿಸುತ್ತದೆ. 2014ರಲ್ಲಿ ಮೇಲೇರಿದ ಜಿಪಿಎಂ ಉಪಗ್ರಹದ ರೇಡಾರ್ ಮೋಡದ ಒಡಲನ್ನೇ ಕಾಣಬಲ್ಲದು. ಆದರೆ ಅದು ಒಂದು ಊರಿನ ಮೇಲೆ ಹಾಯುವುದು ಆಗೊಮ್ಮೆ ಈಗೊಮ್ಮೆ, ಮೇಲಾಗಿ ಬೆಟ್ಟದ ಮೈಗಂಟಿದ ಮಳೆಯನ್ನು ಬೆಟ್ಟದ ಪ್ರತಿಧ್ವನಿಯೇ ಮರೆಸುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದು ಮನೆ ತೋಟಗಳು ಮಣ್ಣುಪಾಲಾದುದನ್ನು ನೆನೆದರೆ, ಈ ಕೊರತೆ ಅಲ್ಪವಾದುದಲ್ಲ.

ಆದುದರಿಂದಲೇ ಹವಾಮಾನ ಇಲಾಖೆಯವರು ಉಪಗ್ರಹದ ಅಂದಾಜಿಗೆ ನೆಲದ ಮಳೆಮಾಪಕಗಳ ಅಂಕಿಗಳನ್ನು ಬೆರೆಸಿ ತಿದ್ದುತ್ತಾರೆ. ದಿನವೂ ಬೆಳಗ್ಗೆ 8-30ಕ್ಕೆ ಅಳೆದ ಅಂಕಿಗಳವು. ತಲೆಮಾರುಗಳಿಂದ ಮಳೆಯ ಲೆಕ್ಕ ಬರೆದಿಟ್ಟ ಪುಸ್ತಕಗಳು ಎಷ್ಟೋ ತೋಟದ ಮನೆಗಳ ಕಪಾಟಿನಲ್ಲಿ ಗೆದ್ದಲಿಗೆ ಕಾದು ಕುಳಿತಿವೆ. ಅವು ಈ ಲೆಕ್ಕಕ್ಕೆ ಇನ್ನೂ ಸೇರಬೇಕಾಗಿದೆ.