ಓಟಕ್ಕೆ ಸ್ವೆಟರ್ ಬೇಡ, ಚೀಲದಲ್ಲಿ ಒಣ ಅಂಗಿ ಇರಲಿ



ಡಿಸೆಂಬರ್ ಬಂತೆಂದರೆ ಮಂಗಳೂರಿನ ದೇರೆಬೈಲ್, ಕೊಂಚಾಡಿ, ಬೊಂದೇಲ್ ಕಡೆ ಬೆಳಗಿನ ಹೊತ್ತು ತಣ್ಣನೆಯ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ನಿಧಾನವಾಗಿ ತಣಿಯುತ್ತದೆ. ಆದ್ದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನತ್ತ ಸಾಗುತ್ತದೆ. ಇದೇ ನೆಲಗಾಳಿ. ಆಗ ಮನೆಯಲ್ಲಿ ಹೇಳುತ್ತಾರೆ: "ಚಳಿ ಉಂಟು, ಸ್ವೆಟರ್ ಹಾಕಿಕೊಂಡೇ ಹೋಗು." ಶಾಲೆಗೆ ನಡೆದು ಹೋಗುವಾಗ ಈ ಮಾತು ಸರಿ. ಆದರೆ ಓಟದ ಅಭ್ಯಾಸಕ್ಕೂ ಸ್ವೆಟರ್, ಮಂಕಿ ಕ್ಯಾಪ್ ಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ಓಡುವ ಮೊದಲು ಮತ್ತು ಓಡಿದ ನಂತರ ಸ್ವೆಟರ್ ಬೇಕು; ಓಡುವಾಗ ಅಲ್ಲ. ಏಕೆಂದು ನೋಡೋಣ.

ನಮ್ಮೊಳಗಿನ ಒಲೆ

ಓಡುವಾಗ ಸ್ನಾಯುಗಳು ಶಕ್ತಿಯನ್ನು ಬಳಸುತ್ತವೆ. ಅದರಲ್ಲಿ ಸುಮಾರು ಕಾಲುಭಾಗ ಮಾತ್ರ ಸ್ನಾಯುಗಳ ಕೆಲಸಕ್ಕೆ ಒದಗುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಒಂದು ಕಿಲೊಮೀಟರ್ ಓಡಲು ದೇಹದ ಪ್ರತಿ ಕಿಲೊಗ್ರಾಂ ತೂಕಕ್ಕೆ ಸುಮಾರು 1 ಕಿಲೊಕ್ಯಾಲೊರಿ ಬೇಕು. ನಿಮ್ಮ ತೂಕ 30 ಕಿಲೊ ಎಂದುಕೊಳ್ಳಿ. ಶಾಲೆಯ ಮೈದಾನದಲ್ಲಿ ಒಂದು ಕಿಲೊಮೀಟರ್ ಓಡಿದರೆ ಸುಮಾರು 30 ಕಿಲೊಕ್ಯಾಲೊರಿ ಖರ್ಚು. ಈ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ದೇಹದ ತಾಪ ಹೆಚ್ಚುಕಡಿಮೆ 1 ಡಿಗ್ರಿ ಏರುತ್ತದೆ. 37 ಡಿಗ್ರಿ ಇರುವ ದೇಹ 38ಕ್ಕೆ ಬರುತ್ತದೆ. ಎರಡು, ಮೂರು ಕಿಲೊಮೀಟರ್ ಓಡಿದರೆ?

ಹಾಗಾಗದಂತೆ ನೋಡಿಕೊಳ್ಳುವುದು ಬೆವರು. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ದಪ್ಪ ಸ್ವೆಟರ್ ತೊಟ್ಟು ಓಡಿದರೆ ಹೂಜಿಗೆ ಕಂಬಳಿ ಸುತ್ತಿದಂತಾಯಿತು. ಬೆವರು ಬರುತ್ತದೆ, ಆವಿಯಾಗುವುದಿಲ್ಲ. ಮೈ ಕಾಯುತ್ತದೆ, ತಲೆ ಸುತ್ತುತ್ತದೆ.

ನಮ್ಮ ಕರಾವಳಿಯಲ್ಲಿ ಜನವರಿಯ ಬೆಳಗಿನಲ್ಲೂ ತಾಪ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಓಡುವವರಿಗೆ ಇದು ಚಳಿಯಲ್ಲ, ಹಿತವಾದ ಹವೆ. ಆರಂಭದಲ್ಲಿ ಸ್ವಲ್ಪ ಚಳಿ ಅನಿಸಿದರೆ ಉಡುಪು ಸರಿಯಾಗಿದೆ ಎಂದು ತಿಳಿಯಿರಿ. ಐದು ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ. ನಿಂತಾಗಲೇ ಬೆಚ್ಚಗಿದ್ದರೆ ಓಡುವಾಗ ಬೇಯುತ್ತೀರಿ.

ನಿಜವಾದ ಚಳಿ ಎಲ್ಲಿದೆ?

ಹಾಗಾದರೆ ನಮ್ಮೂರಿನ ಓಟಗಾರರಿಗೆ ಚಳಿಯೇ ಇಲ್ಲವೇ? ಇದೆ. ಆದರೆ ಅದು ಬರುವುದು ಹೆಚ್ಚಾಗಿ ಒದ್ದೆಯಿಂದ. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಒಣ ಬಟ್ಟೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ನಮ್ಮನ್ನು ಬೆಚ್ಚಗಿಡುತ್ತದೆ. ಬಟ್ಟೆ ಒದ್ದೆಯಾದರೆ ಆ ಜಾಗವನ್ನು ನೀರು ಹಿಡಿಯುತ್ತದೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಾಲಾ ಕ್ರೀಡಾಕೂಟಗಳು ಶುರುವಾಗುವುದು ಮಳೆಗಾಲ ಇನ್ನೂ ಮುಗಿಯದಿರುವಾಗಲೇ. ಓಟ ಮುಗಿಸಿ, ಬೆವರಿನಿಂದಲೋ ಮಳೆಯಿಂದಲೋ ತೊಯ್ದ ಅಂಗಿಯಲ್ಲೇ ಒಂದು ಗಂಟೆ ಬಹುಮಾನಕ್ಕಾಗಿ ಕಾಯುವ ಮಕ್ಕಳನ್ನು ನೀವು ನೋಡಿರಬಹುದು. ಓಡುವಾಗ ಉರಿಯುತ್ತಿದ್ದ ಒಲೆ ಈಗ ತಣಿದಿದೆ. ಆದರೆ ಒದ್ದೆ ಅಂಗಿ ಶಾಖವನ್ನು ಕಳೆಯುತ್ತಲೇ ಇದೆ. ಹಲ್ಲು ಕಟಕಟ ಎನ್ನುವುದು ಆಗಲೇ! ಆದ್ದರಿಂದ ಓಟಗಾರರ ಮೊದಲ ಸಲಕರಣೆ ಯಾವುದು ಎಂದು ನನ್ನನ್ನು ಕೇಳಿದರೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಒಣ ಅಂಗಿ ಮತ್ತು ಒಂದು ಬೈರಾಸು ಎನ್ನುತ್ತೇನೆ. ಮೈ ಒರೆಸಿ, ಅಂಗಿ ಬದಲಿಸಿ, ಆಮೇಲೆ ಸ್ವೆಟರ್ ಹಾಕಿ.

ಹತ್ತಿಯೋ ಪಾಲಿಯೆಸ್ಟರೋ?

ಸಾಮಾನ್ಯ ಹವೆಯಲ್ಲಿ 100 ಗ್ರಾಂ ಹತ್ತಿ ಬಟ್ಟೆ 7-8 ಗ್ರಾಂ ತೇವವನ್ನು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರದು. ಹತ್ತಿ ಮೈಗೆ ಹಿತ, ಆದರೆ ತೊಯ್ದರೆ ಬೇಗ ಒಣಗುವುದಿಲ್ಲ. ತೆಳುವಾದ ಪಾಲಿಯೆಸ್ಟರ್ ಟೀ-ಶರ್ಟ್ ಬೇಗ ಒಣಗುತ್ತದೆ. ಹಾಗೆಂದು ಹೊಸದನ್ನು ಕೊಳ್ಳಲು ಅಪ್ಪ ಅಮ್ಮನನ್ನು ಪೀಡಿಸಬೇಡಿ. ದೇರೆಬೈಲಿನ ಹವೆಗೆ ಸಡಿಲವಾದ ಹಳೆಯ ಹತ್ತಿ ಅಂಗಿಯೂ ಸಾಕು, ಓಟದ ನಂತರ ಬದಲಿಸುವುದಾದರೆ.

ಘಟ್ಟ ಹತ್ತುವಾಗ ಮಾತ್ರ ಲೆಕ್ಕ ಬೇರೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರಿದೆ. ಕೊಡಗು, ಹಾಸನ, ಚಿಕ್ಕಮಗಳೂರು ಕೂಡ ಅದೇ ವಿಭಾಗದಲ್ಲಿವೆ. ಜಿಲ್ಲೆಯಲ್ಲಿ ಗೆದ್ದವರು ಮಡಿಕೇರಿಯಲ್ಲಿ ಓಡಬೇಕಾಗಿ ಬಂದರೆ? ಮಡಿಕೇರಿ ಕಡಲ ಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ತಾಪ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಜೊತೆಗೆ ಮಂಜು, ಗಾಳಿ. ಅಲ್ಲಿ ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆಗಳು ಮೇಲು. ಒಳಗೆ ಬೇಗ ಒಣಗುವ ಅಂಗಿ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್. ಮೈ ಬಿಸಿಯಾದಂತೆ ಒಂದೊಂದನ್ನೇ ತೆಗೆಯಬಹುದು. ಓಟ ಮುಗಿದೊಡನೆ ಮತ್ತೆ ಹಾಕಿಕೊಳ್ಳಬಹುದು.

ಇದು ಬರಿಯ ನೆಗಡಿಯ ಮಾತಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೊಮೀಟರ್ ಬೆಟ್ಟದ ಓಟ ನಡೆಯಿತು. ದಾರಿಯಲ್ಲಿ ಇದ್ದಕ್ಕಿದ್ದಂತೆ ಮಳೆ, ಆಲಿಕಲ್ಲು, ಬಿರುಗಾಳಿ. ಹಲವರು ತೆಳು ಅಂಗಿ, ಚಡ್ಡಿಯಲ್ಲಿದ್ದರು. 172 ಓಟಗಾರರಲ್ಲಿ 21 ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿಗಳೂ ಇದ್ದರು. ಒದ್ದೆ ಮತ್ತು ಗಾಳಿ ಸೇರಿದರೆ ಎಷ್ಟು ಅಪಾಯ ಎಂಬುದನ್ನು ಇದು ತಿಳಿಸುತ್ತದೆ.

ಕಾಲಿಗೆ ಏನು? ಕಣ್ಣಿಗೆ ಏನು?

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಬೂಟು ಧರಿಸಿ ಮತ್ತೆ ಗೆದ್ದರು. ಗೆಲುವು ಬೂಟಿನಲ್ಲಿಲ್ಲ ಎಂದಾಯಿತು. ಆದರೂ ನಮ್ಮ ಮುರಕಲ್ಲಿನ ನೆಲದಲ್ಲಿ ಚೂಪಾದ ಹರಳುಗಳಿರುತ್ತವೆ, ಗಾಜಿನ ಚೂರೂ ಇರಬಹುದು. ಸ್ವಚ್ಛ ಮಾಡಿದ ಮಣ್ಣಿನ ಮೈದಾನವಾದರೆ ಬರಿಗಾಲು ಆಗಬಹುದು. ರಸ್ತೆಗೆ ಬೂಟು ಬೇಕು. ತರಗತಿಯ ಗಟ್ಟಿ ಅಟ್ಟೆಯ ಕಪ್ಪು ಬೂಟಿಗಿಂತ ಮೆತ್ತನೆಯ ಕ್ಯಾನ್ವಾಸ್ ಬೂಟು ಒಳ್ಳೆಯದು. ಒದ್ದೆ ಕಾಲುಚೀಲದಲ್ಲಿ ಓಡಿದರೆ ಬೊಕ್ಕೆ ಏಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಜನವರಿಯಲ್ಲಿ ಮಂಗಳೂರಿನಲ್ಲಿ ಸೂರ್ಯ ಮೂಡುವುದು 7 ಗಂಟೆಗೆ ಕೆಲವೇ ನಿಮಿಷ ಇರುವಾಗ. ಆರು ಗಂಟೆಗೆ ಓಡಲು ಹೊರಟರೆ ಇನ್ನೂ ಕತ್ತಲೆ. ಕಡುಬಣ್ಣದ ಸ್ವೆಟರ್ ತೊಟ್ಟ ಮಗು ಬಸ್ಸಿನ ಚಾಲಕರಿಗೆ ಕಾಣಿಸುವುದಿಲ್ಲ. ಬಿಳಿ ಅಂಗಿ ಧರಿಸಿ, ದೊಡ್ಡವರ ಜೊತೆಗೆ ಹೋಗಿ. ರಸ್ತೆಗಿಂತ ಶಾಲೆಯ ಮೈದಾನವೇ ಲೇಸು.

ಶಿಕ್ಷಕರಲ್ಲಿ ಒಂದು ವಿನಂತಿ

ಟ್ರ್ಯಾಕ್ ಸೂಟ್ ಇಲ್ಲ, ಬೂಟು ಇಲ್ಲ ಎಂಬ ನಾಚಿಕೆಯಿಂದ ಓಟದಿಂದ ಹಿಂದೆ ಸರಿಯುವ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲಿ ಇದ್ದಾರೆ. ದಯವಿಟ್ಟು ಉಡುಪನ್ನು ಆಯ್ಕೆಯ ಅಳತೆಗೋಲು ಮಾಡಬೇಡಿ. ಹೆಣ್ಣುಮಕ್ಕಳಿಗೆ ತಮಗೆ ಅನುಕೂಲವಾದ ಉಡುಪಿನಲ್ಲಿ ಓಡಲು ಬಿಡಿ. ಶಾಲೆಯಲ್ಲಿ ಒಂದು 'ಓಟದ ಪೆಟ್ಟಿಗೆ' ಇಡಬಹುದು. ಹಳೆಯ ವಿದ್ಯಾರ್ಥಿಗಳಿಂದ ನಾಲ್ಕು ಟೀ-ಶರ್ಟ್, ಎರಡು ಜಾಕೆಟ್, ಕೆಲವು ಬೈರಾಸು ಕೇಳಿ ಪಡೆದರೆ ಇಡೀ ತಂಡಕ್ಕೆ ಸಾಕು. ಬಹುಮಾನ ವಿತರಣೆಗೆ ಮೊದಲು ಅಂಗಿ ಬದಲಿಸಲು ಹತ್ತು ನಿಮಿಷ ಕೊಡಿ. ಇದಕ್ಕೆ ಖರ್ಚೇನೂ ಇಲ್ಲ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿ. (ಬಿಸಿನೀರನ್ನು ಶಿಕ್ಷಕರೇ ಹಾಕಲಿ.) ಒಂದಕ್ಕೆ ಒಣ ಬಟ್ಟೆ, ಇನ್ನೊಂದಕ್ಕೆ ಅದೇ ಬಟ್ಟೆಯ ಒದ್ದೆ ತುಂಡು ಸುತ್ತಿ. ಎರಡನ್ನೂ ಫ್ಯಾನ್ ಕೆಳಗಿಟ್ಟು, ಐದೈದು ನಿಮಿಷಕ್ಕೊಮ್ಮೆ ಥರ್ಮಾಮೀಟರಿನಿಂದ ತಾಪ ಅಳೆದು ಬರೆದುಕೊಳ್ಳಿ. ಯಾವುದು ಬೇಗ ತಣಿಯಿತು? ಆ ಅಂಕಿಗಳನ್ನು ಮನೆಯಲ್ಲಿ ತೋರಿಸಿ, ಸ್ವೆಟರ್ ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ನೀವೇ ವಿವರಿಸಿ.